ಕೆಂಪು ದೀಪಕ್ಕೆ ಪ್ಲಾಸ್ಟರ್ ಅಂಟಿಸಿದ ಡಾಕ್ಟ್ರು

ಅವರು ತೀರಿಕೊಂಡ ದಿನ ಬೆಳಿಗ್ಗೆಯೇ ಚರ್ಚಿನ ಹಿರಿಯರೊಬ್ಬರು ನನ್ನ ಸ್ಟುಡಿಯೊಗೆ ಬಂದು, "ಫ್ಲೆಕ್ಸಿಗೆ ಒಂದು ಫೋಟೊ ಬೇಕಿತ್ತು ಕಣ್ರೀ. ನಿಮ್ಮತ್ರ ರಾಶಿ ಇರ್ತವಲ್ಲ" ಅಂದರು. ರಾಶಿ ಇದ್ದದ್ದು ನಿಜ, ಅದೂ ಆರು ವರ್ಷದ ರಾಶಿ. ಹಾರ್ಡ್ ಡಿಸ್ಕ್ ತೆಗೆದು ಕೂತೆ. ಅವರ ಎಡಗಾಲು ಇತ್ತು, ಬಲಗಾಲು ಇತ್ತು, ಉಂಗುಟದ ಹತ್ತಿರ ಸವೆದ ಚಪ್ಪಲಿ ಇತ್ತು, ಮೊಪೆಡ್ಡಿನ ಚಕ್ರದ ಪಕ್ಕ ಹಿಂದಕ್ಕೆ ಓಡುವ ಟಾರು ರಸ್ತೆ ಗಂಟೆಗಟ್ಟಲೆ ಇತ್ತು. ಕಂಕುಳ ಕೆಳಗಿಂದ ತಲೆಕೆಳಗಾಗಿ ಕಾಣುವ ತೆಂಗಿನ ತೋಟಗಳಂತೂ ಲೆಕ್ಕಕ್ಕಿಲ್ಲ. ಮುಖ ಇದ್ದದ್ದು ಒಂದೇ ಒಂದು ಕಡೆ. ಅದನ್ನು ಫ್ಲೆಕ್ಸಿಗೆ ಕೊಡಲು ನನಗೆ ಮನಸ್ಸು ಬರಲಿಲ್ಲ. "ಇಲ್ಲ" ಎಂದು ಸುಳ್ಳು ಹೇಳಿದೆ. ಕೊನೆಗೆ ಆಧಾರ್ ಕಾರ್ಡಿನ ಫೋಟೊವನ್ನೇ ದೊಡ್ಡದು ಮಾಡಿಸಿ ಹಾಕಿದರು. ಅದರಲ್ಲಿ ಅವರು ಎಮ್ಮೆ ಕಳೆದುಕೊಂಡು ಪೊಲೀಸ್ ಸ್ಟೇಷನ್ನಿಗೆ ಬಂದವರ ಹಾಗೆ ಕಾಣುತ್ತಿದ್ದರು.

ಊರಿಗೆಲ್ಲ ಅವರು ದನದ ಡಾಕ್ಟ್ರು. ಸರಿಯಾಗಿ ಹೇಳಬೇಕೆಂದರೆ ಡಾಕ್ಟರಲ್ಲ, ಪಶು ಆಸ್ಪತ್ರೆಯ ಕಾಂಪೌಂಡರು. ಆದರೆ ತಿಪಟೂರಿನಿಂದ ಆ ಕಡೆ ತುರುವೇಕೆರೆ, ಈ ಕಡೆ ಚಿಕ್ಕನಾಯಕನಹಳ್ಳಿಯವರೆಗೆ ಯಾವ ಹಟ್ಟಿಗೆ ಹೋದರೂ ಹಸುಗಳು ಅವರ ಮೊಪೆಡ್ಡಿನ ಸದ್ದಿಗೆ ಕಿವಿ ನಿಮಿರಿಸುತ್ತಿದ್ದವು. ಡಾಕ್ಟರುಗಳು ಬಂದರು, ವರ್ಗವಾಗಿ ಹೋದರು. ಇವರು ಮಾತ್ರ ರಿಟೈರಾಗುವವರೆಗೂ ಇಲ್ಲೇ ಇದ್ದರು. ಮೂವತ್ತು ವರ್ಷ ದನಗಳ ಜೊತೆ ಕಳೆದಿದ್ದರಿಂದ ಮನುಷ್ಯರ ಜೊತೆಗೂ ಹಾಗೇ ನಡೆದುಕೊಳ್ಳುತ್ತಿದ್ದರು. ಎದುರಿಗೆ ನಿಂತು ಮಾತಾಡುವುದಿಲ್ಲ, ಪಕ್ಕದಿಂದ ಬಂದು ಮೊದಲು ಬೆನ್ನ ಮೇಲೆ ಅಂಗೈ ಇಡಬೇಕು. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ "ಟ್ಚ, ಟ್ಚ" ಎಂದು ಸದ್ದು ಮಾಡಬೇಕು. ನಾವು ಸ್ವಲ್ಪ ಸಪ್ಪಗಿದ್ದರೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿಯೇಬಿಡುತ್ತಿದ್ದರು. ಒಮ್ಮೆ ಬ್ಯಾಂಕಿನ ಮ್ಯಾನೇಜರ್ ರೆಪ್ಪೆ ಎಳೆದು, "ರಕ್ತ ಕಮ್ಮಿ ಐತೆ ಸಾರ್, ಸೊಪ್ಪು ತಿನ್ನಿ" ಅಂದಿದ್ದರಂತೆ. ಮ್ಯಾನೇಜರ್ ತಿಂದರೋ ಇಲ್ಲವೋ ಗೊತ್ತಿಲ್ಲ.

ನಾನು ಮದುವೆ ವಿಡಿಯೊ ತೆಗೆಯುವವನು. ಧಾರೆ, ಆರತಕ್ಷತೆ, ಬೀಗರೂಟ, ಅದರ ಮೇಲೆ ಹಾರುವ ಹೃದಯ, ಸುರಿಯುವ ಗುಲಾಬಿ, ಇದೇ ನನ್ನ ಕಸುಬು. ಚರ್ಚಿನೊಳಗೆ ಕಾಲಿಟ್ಟದ್ದು ಎರಡೋ ಮೂರೋ ಮದುವೆಗೆ, ಅದೂ ಕ್ಯಾಮೆರಾ ಹೆಗಲ ಮೇಲಿಟ್ಟುಕೊಂಡು. ಹೀಗಿರುವಾಗ ಒಂದು ಮಧ್ಯಾಹ್ನ ಇವರು ಕೈಯಗಲದ ಒಂದು ಕ್ಯಾಮೆರಾ ಹಿಡಿದುಕೊಂಡು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟರು.

"ಇದೇನು ಡಾಕ್ಟ್ರೇ, ಸಿರಿಂಜು ಬಿಟ್ಟು ಕ್ಯಾಮೆರಾ ಹಿಡಿದಿದ್ದೀರಿ?"

"ಹತ್ತತ್ತು ನಿಮಿಷದ ಪಿಚ್ಚರ್ ಮಾಡಣ ಅಂತ ಕಣಪ್ಪ. ನಮ್ ಸಭೆಯೋರು ನಂಬಿಕೆ ಅನ್ನಾದ್ನ ದಿನದಾಗೆ ಎಲ್ಲಿ ಇಟ್ಕಂಡವ್ರೆ, ಅದ ನೋಡ್ಬೇಕು. ನಾನು ತಗೀತೀನಿ, ನೀನು ಜೋಡ್ಸಿ ಕೊಡು."

"ಭಾನುವಾರ ಚರ್ಚಲ್ಲೇ ನೋಡಬಹುದಲ್ಲ."

"ಭಾನ್ವಾರ ಎಲ್ರೂ ಸ್ನಾನ ಮಾಡ್ಕಂಡು ಬಂದಿರ್ತಾರೆ. ನಂಗೆ ಮಂಗ್ಳವಾರದ್ದು ಬೇಕು."

ನಾನು ನಕ್ಕೆ. ಅವರು ನಗಲಿಲ್ಲ. ಬೆಂಚಿನ ಮೇಲೆ ಕೂತು, ಚಪ್ಪಲಿ ನೋಡಿಕೊಳ್ಳುತ್ತ ಹೇಳಿದರು: "ನಮ್ಮನೆಯೋಳು ಹೋಗಿ ಎಲ್ಡು ವರ್ಸ ಆತು. ಅವತ್ತಿಂದ ನಂಗೆ ಪ್ರಾರ್ಥನೆ ಬರಾಕಿಲ್ಲ. ಮಂಡಿ ಊರ್ತೀನಿ. ಮಂಡಿನೋವು ಬತ್ತೈತೆ, ಪ್ರಾರ್ಥನೆ ಬರಲ್ಲ. ಮಿಕ್ಕೋರು ಹೆಂಗೆ ಮಾಡ್ತಾರೆ ಅಂತ ನೋಡ್ಕಂಡ್ರೆ ನಂಗೂ ಬಂದಾತು. ಇದ್ನ ಯಾರಿಗೂ ಹೇಳ್ಬ್ಯಾಡ ಕಣಪ್ಪ. ನಾನು ಸಭೆ ಹಿರಿಯ ಬೇರೆ."

ಹಸು ಹಾಲು ಕೊಡುತ್ತಿಲ್ಲ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದರು. ನಾನು ಟೀ ತರಿಸಿದೆ.

ಅವರ ಪಿಚ್ಚರಿಗೆ ಒಂದೇ ನಿಯಮ. ಕ್ಯಾಮೆರಾದ ಮುಂದೆ ಯಾರೂ ದೇವರ ಹೆಸರೆತ್ತಬಾರದು. ಎತ್ತಿದರೆ ಕಟ್. "ಬಾಯಲ್ಲಿ ಹೇಳಾದು ಎಲ್ರೂ ಹೇಳ್ತಾರೆ. ಕೈ ಏನು ಮಾಡ್ತದೆ ಅದ ನೋಡ್ಬೇಕು" ಅನ್ನುತ್ತಿದ್ದರು. ಇನ್ನೊಂದು ಸಮಸ್ಯೆಯನ್ನೂ ಅವರೇ ಬಗೆಹರಿಸಿಕೊಂಡಿದ್ದರು. ರೆಕಾರ್ಡ್ ಆಗುವಾಗ ಕ್ಯಾಮೆರಾದ ಮುಂದೆ ಒಂದು ಸಣ್ಣ ಕೆಂಪು ದೀಪ ಹತ್ತಿಕೊಳ್ಳುತ್ತದೆ. ಅದನ್ನು ಕಂಡರೆ ಜನ ಬೆದರುತ್ತಾರೆ, ಕೋಡು ಕಂಡಂತೆ ಸೆಟೆದು ನಿಲ್ಲುತ್ತಾರೆ ಎಂದು ಆ ದೀಪಕ್ಕೆ ಔಷಧಿ ಚೀಲದಲ್ಲಿದ್ದ ಪ್ಲಾಸ್ಟರ್ ಅಂಟಿಸಿದರು. ಪಕ್ಕದ ಪುಟ್ಟ ಪರದೆಯಲ್ಲಿ ಜನ ತಮ್ಮ ಮುಖ ಇಣುಕಿ ನೋಡುತ್ತಾರೆ ಎಂದು ಅದನ್ನೂ ಮುಚ್ಚಿ ಎರಡು ಸುತ್ತು ಪ್ಲಾಸ್ಟರ್ ಹಾಕಿದರು. ಕ್ಯಾಮೆರಾ ಕಾಲು ಮುರಿದ ಕುರಿಮರಿಯ ಹಾಗಾಯಿತು.

ಮನೆ ಬಿಡುವಾಗ ಕ್ಯಾಮೆರಾದ ಗುಂಡಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಒಮ್ಮೆ ಒತ್ತಿ ನೋಡುವುದು ಅವರ ಅಭ್ಯಾಸ. ಅನಾಹುತ ಆದದ್ದು ಅಲ್ಲಿಯೇ. ಒಮ್ಮೆ ಒತ್ತಿದರೆ ರೆಕಾರ್ಡ್ ಶುರು, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಇವರು ಮನೆಯಲ್ಲೇ ಶುರು ಮಾಡಿಕೊಂಡು ಹೊರಡುತ್ತಿದ್ದರು. ಅಲ್ಲಿಂದ ಎಲ್ಲ ತಿರುಗುಮುರುಗು. ಜಾಗಕ್ಕೆ ಹೋಗಿ "ಹಾ, ಈಗ ಶುರು ಮಾಡಣ" ಎಂದು ಒತ್ತಿದರೆ ಕ್ಯಾಮೆರಾ ನಿದ್ದೆ ಹೋಗುತ್ತಿತ್ತು. "ಆತು, ನಿಂತೋತು, ಉಸ್ರು ಬುಡಿ" ಎಂದು ಒತ್ತಿದರೆ ಎಚ್ಚರಾಗಿ ಎಲ್ಲವನ್ನೂ ನೋಡುತ್ತಿತ್ತು. ದೀಪಕ್ಕೂ ಪರದೆಗೂ ಪ್ಲಾಸ್ಟರ್ ಬಿದ್ದಿದ್ದರಿಂದ ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಸಂಜೆ ಮನೆಗೆ ಬಂದು ಚಾರ್ಜಿಗೆ ಹಾಕಿದರೆ ಅದು ತಾನೇ ಆರುತ್ತಿತ್ತು, ಮರುದಿನ ಮತ್ತೆ ಮೊದಲಿಂದ.

ಇದು ನನಗೆ ಗೊತ್ತಾದದ್ದು ಮೊದಲ ಪಿಚ್ಚರಿನಲ್ಲೇ. ತಿಪಟೂರಿನ ಒಬ್ಬ ಟೈಲರಣ್ಣನ ಕತೆ ಅದು. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಆತ ಅರೆಗಳಿಗೆ ಸುಮ್ಮನೆ ನಿಲ್ಲುತ್ತಾನೆ, ಆ ನಿಲ್ಲುವುದೇ ಅವನ ಪ್ರಾರ್ಥನೆ ಎಂದು ಡಾಕ್ಟ್ರು ಕಂಡುಹಿಡಿದಿದ್ದರು. ಹೋಗಿ ಒಂದಿಡೀ ದಿನ ತೆಗೆದುಕೊಂಡು ಬಂದರು. ನಾನು ಕಂಪ್ಯೂಟರಿಗೆ ಹಾಕಿ ನೋಡಿದರೆ ಅವರು ತೆಗೆದ ಒಂದು ಶಾಟೂ ಇಲ್ಲ. ಡಾಕ್ಟ್ರ ಕಾಲು, ಹೊಲಿಗೆ ಮಿಷನ್ನಿನ ಕಾಲು, ಮೇಜಿನ ಮೇಲೆ ಓರೆಯಾಗಿ ಬಿದ್ದ ಕ್ಯಾಮೆರಾ, ಇಷ್ಟೇ. ಆದರೆ ಆ ಓರೆ ಕ್ಯಾಮೆರಾದಲ್ಲಿ ಟೈಲರಣ್ಣನ ಮಾತು ಕೇಳಿಸಿತು: "ಅಬ್ಬಾ, ನಿಲ್ಸಿದ್ರಾ ಡಾಕ್ಟ್ರೇ? ಬೆಳಗಿಂದ ಮ್ಯಾಲೆ ನೋಡಿ ನೋಡಿ ಕತ್ತು ಹಿಡ್ಕಂಬುಡ್ತು." ಹಾಗೆ ಹೇಳಿ ಆತ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಯಾರದೋ ಶಾಲೆ ಯೂನಿಫಾರಮ್ಮಿನ ಬಟ್ಟೆ ಎಳೆದುಕೊಂಡ. ಅಂಗೈಯಿಂದ ಸವರಿದ. ಕತ್ತರಿ ಎತ್ತಿದ. ನಿಂತ. ಒಂದೇ ಒಂದು ಉಸಿರು. ಆಮೇಲೆ ಕತ್ತರಿಸಿದ.

ನಾನು ಅದನ್ನು ನಾಲ್ಕು ಸಲ ನೋಡಿದೆ. ಇಷ್ಟು ವರ್ಷ ಮದುವೆಗಳಲ್ಲಿ "ಇಲ್ಲಿ ನೋಡಿ, ಸ್ಮೈಲ್ ಮಾಡಿ" ಎಂದು ಅರಚಿದ್ದಕ್ಕೆ ನನಗೇ ನಾಚಿಕೆಯಾಯಿತು. ಪಿಚ್ಚರನ್ನು ಅದರಿಂದಲೇ ಜೋಡಿಸಿದೆ. ಕಸುಬಿನ ಚಟ ಬಿಡದೆ, ಟೈಲರಣ್ಣ ನಿಂತ ಕಡೆ ಒಂದು ಬಿಳಿ ಪಾರಿವಾಳ ಹಾರಿಸಿ ಗಂಟೆ ಬಾರಿಸಿದೆ.

ಡಾಕ್ಟ್ರು ನೋಡಿ ಕೇಳಿದರು: "ಈ ಪಾರಿವಾಳ ಟೈಲರ್ ಅಂಗ್ಡೀಲಿತ್ತಾ?"

"ಇಲ್ಲ ಡಾಕ್ಟ್ರೇ, ಸಾಫ್ಟ್‌ವೇರಲ್ಲಿತ್ತು."

"ತಗಿ."

ತೆಗೆದೆ. ಗುಂಡಿಯ ವಿಷಯ ಮಾತ್ರ ಬಾಯಿ ಬಿಡಲಿಲ್ಲ. "ಎಷ್ಟು ಚೆನ್ನಾಗಿ ತಗ್ದಿವ್ನಿ ನೋಡು, ಅವ್ನಿಗೆ ಗೊತ್ತೇ ಆಗಿಲ್ಲ" ಎಂದು ಅವರು ಹಿಗ್ಗುತ್ತಿದ್ದರು. ತಪ್ಪು ಸರಿಪಡಿಸಿದರೆ ಪಿಚ್ಚರ್ ಕೆಡುತ್ತದೆ, ಸರಿಪಡಿಸದಿದ್ದರೆ ನಾನು ಸುಳ್ಳುಗಾರನಾಗುತ್ತೇನೆ. ಸುಳ್ಳುಗಾರನಾಗುವುದೇ ವಾಸಿ ಅನ್ನಿಸಿತು. ಹೀಗೇ ಆರು ವರ್ಷ ನಡೆಯಿತು.

ಐದಾರು ತಿಂಗಳಿಗೊಮ್ಮೆ, ಭಾನುವಾರದ ಆರಾಧನೆ ಮುಗಿದ ಮೇಲೆ ಚರ್ಚಿನ ಗೋಡೆಗೆ ಬೆಡ್‌ಶೀಟ್ ಕಟ್ಟಿ ಪಿಚ್ಚರ್ ತೋರಿಸುತ್ತಿದ್ದರು. ಮಾಯಸಂದ್ರದ ಒಬ್ಬ ಟೀಚರಮ್ಮ ಊಟದ ಡಬ್ಬಿಯ ಮುಂದೆ ಕಣ್ಣು ಮುಚ್ಚುವುದನ್ನು ತೆಗೆಯಲು ಹೋದಾಗ ಆಕೆ ರೇಷ್ಮೆ ಸೀರೆ ಉಟ್ಟು, ಬಿರಿಯಾನಿ ತಂದು, ಮೂರು ನಿಮಿಷ ಕಣ್ಣು ಮುಚ್ಚಿದ್ದರು. "ನಾಳೆ ಉಪ್ಪಿಟ್ಟು ತನ್ನಿ ಟೀಚರೇ" ಎಂದು ಹೇಳಿ ಡಾಕ್ಟ್ರು ಮೂರು ದಿನ ಅಲೆದರು. ನನಗೆ ಸಿಕ್ಕಿದ್ದು, ಅವರು "ನಿಂತೋತು" ಎಂದ ಮೇಲೆ ಟೀಚರಮ್ಮ ಅರ್ಧ ಬಿರಿಯಾನಿಯನ್ನು ಶಾಲೆಯ ಆಯಾಳ ಡಬ್ಬಿಗೆ ಸುರಿದು, "ನಂಗೆ ಖಾರ ಆಗಲ್ಲ ಕಣೇ" ಎಂದು ಸುಳ್ಳು ಹೇಳಿದ್ದು.

ಎಲ್ಲಕ್ಕಿಂತ ಗಲಾಟೆಯಾದದ್ದು ತುರುವೇಕೆರೆಯ ರಿಟೈರ್ಡ್ ನರ್ಸಮ್ಮನ ಪಿಚ್ಚರಿಗೆ. ಆಕೆ ಪ್ರತಿ ಶನಿವಾರ ಪಕ್ಕದ ಮನೆಯ ಗೌಡರ ಅಜ್ಜಿಗೆ ಕಾಲುಗುರು ಕತ್ತರಿಸುತ್ತಿದ್ದರು. ಅಜ್ಜಿಗೆ ಬಗ್ಗಲು ಆಗುತ್ತಿರಲಿಲ್ಲ, ಕಣ್ಣೂ ಮಂಜು. ಕ್ಯಾಮೆರಾ ಬರುತ್ತದೆಂದು ಕೇಳಿ ಅಜ್ಜಿ ಎರಡು ಕಾಲಿಗೂ ಅರಿಶಿನ ಬಳಿದುಕೊಂಡು, ಪೆಟ್ಟಿಗೆಯಲ್ಲಿದ್ದ ಕಾಲುಂಗುರ ತೆಗೆದು ಹಾಕಿಕೊಂಡು ಮದುಮಗಳ ಹಾಗೆ ಕೂತುಬಿಟ್ಟಿತ್ತು. "ಅಜ್ಜಿ, ಹೋದ ವಾರದಂಗೇ ಇರ್ಬೇಕು" ಎಂದು ಡಾಕ್ಟ್ರು ಬೇಡಿಕೊಂಡರೆ, "ಹೋದ ವಾರ ಸಿನಿಮಾದೋರು ಬಂದಿರ್ನಿಲ್ಲ ಕಣಪ್ಪ" ಅಂದಿತಂತೆ. ಕೊನೆಗೆ ಬೆಡ್‌ಶೀಟಿನ ಮೇಲೆ ಮೂಡಿದ್ದು ಹತ್ತು ನಿಮಿಷ ಅರಿಶಿನದ ಹೆಬ್ಬೆರಳು, ಒಂದೊಂದು ಉಗುರೂ ಊಟದ ತಟ್ಟೆಯಷ್ಟಗಲ. ಸಭೆ ಉಸಿರು ಬಿಗಿಹಿಡಿದು ನೋಡಿತು.

ಪಾಸ್ಟರು ಗಂಟಲು ಸರಿಮಾಡಿಕೊಂಡು, "ಡಾಕ್ಟ್ರೇ, ಇದ್ರಲ್ಲಿ ನಮ್ಮ ನಂಬಿಕೆ ಎಲ್ಲಿದೆ? ಒಂದು ವಾಕ್ಯ ಇಲ್ಲ, ಒಂದು ಸಾಕ್ಷಿ ಇಲ್ಲ" ಅಂದರು.

"ಹೆಬ್ಬೆಟ್ಟಿನ ಉಗುರು ಕತ್ತರ್ಸುವಾಗ ನೋಡ್ಲಿಲ್ವಾ ಅಯ್ನೋರೇ?" ಎಂದು ಡಾಕ್ಟ್ರು ಆಶ್ಚರ್ಯಪಟ್ಟರು. "ಇನ್ನೊಂದು ಸಲ ಹಾಕ್ಲಾ?"

ಸಭೆ ಒಕ್ಕೊರಲಿನಿಂದ ಬೇಡ ಅಂದಿತು.

ಒಂದೊಂದು ಪಿಚ್ಚರ್ ಮುಗಿದ ಮೇಲೂ ಅವರು ಮನೆಗೆ ಹೋಗಿ ನೋಡಿದ್ದನ್ನು ಮಾಡಿ ನೋಡುತ್ತಿದ್ದರು. ಕೊಬ್ಬರಿ ಹರಾಜಿನ ದಿನ ಮಾರ್ಕೆಟ್ಟಿನ ಕಡೆ ಬಂದವರು ನನ್ನ ಅಂಗಡಿಗೂ ಬಂದು ವರದಿ ಒಪ್ಪಿಸುವರು. ಟೈಲರಣ್ಣನ ಪಿಚ್ಚರ್ ಆದ ಮೇಲೆ ಹಳೆಯ ಟವೆಲ್ಲಿನ ಮುಂದೆ ಕತ್ತರಿ ಹಿಡಿದು ನಿಂತರಂತೆ. ಪ್ರಾರ್ಥನೆ ಬರಲಿಲ್ಲ, ಟವೆಲ್ ಎರಡಾಯಿತು. ಟೀಚರಮ್ಮನ ಪಿಚ್ಚರ್ ಆದ ಮೇಲೆ ಬಿರಿಯಾನಿ ಮಾಡಿ ಪಕ್ಕದ ಮನೆಗೆ ಕೊಟ್ಟರಂತೆ. ಆ ಮನೆಯವರು ಸಸ್ಯಾಹಾರಿಗಳು. ನರ್ಸಮ್ಮನದಾದ ಮೇಲೆ ನಾನೇ ಕೇಳಿದೆ, "ಬಂತಾ ಡಾಕ್ಟ್ರೇ?"

"ಇಲ್ಲ ಕಣಪ್ಪ. ಉಗುರು ಸಣ್ಣಾದ್ವು ಅಷ್ಟೇಯ."

ಅವತ್ತು ನಾನು ಜೋರಾಗಿ ನಕ್ಕಿದ್ದೆ. ಈಗ ನೆನೆಸಿಕೊಂಡರೆ ಯಾಕೆ ನಕ್ಕೆನೋ ಅನ್ನಿಸುತ್ತದೆ. ಅವರಿಗದು ತಮಾಷೆಯಾಗಿರಲಿಲ್ಲ. ಒಂದೊಂದು ಮನೆ ಮುಗಿದ ಹಾಗೆಲ್ಲ ಅವರ ಮುಖ ಸಣ್ಣದಾಗುತ್ತಿತ್ತು, ಯಾಕೆಂದರೆ ನಮ್ಮ ಕಡೆ ಕ್ರೈಸ್ತರ ಮನೆಗಳಿರುವುದೇ ಬೆರಳೆಣಿಕೆ. ಆರನೇ ವರ್ಷಕ್ಕೆ ಪಟ್ಟಿಯಲ್ಲಿ ಒಬ್ಬನೇ ಉಳಿದಿದ್ದ: ಹುಳಿಯಾರಿನಿಂದ ಸೈಕಲ್ಲಿನಲ್ಲಿ ಬನ್ನು ಹೇರಿಕೊಂಡು ಬೋರನಕಣಿವೆ ಸುತ್ತಿನ ಹಟ್ಟಿಗಳಿಗೆ ಮಾರುವವನು. "ಇವನದೂ ನೋಡ್ಬುಡ್ತೀನಿ. ಇವನತ್ರನೂ ಸಿಗ್ನಿಲ್ಲ ಅಂದ್ರೆ ಹಿರಿಯನ ಸ್ಥಾನ ಬುಟ್ಬುಡ್ತೀನಿ. ಒಳಗೆ ಏನಿಲ್ದೆ ಮುಂದ್ಲ ಬೆಂಚಲ್ಲಿ ಕೂರಾದು ತಪ್ಪು" ಎಂದು ಹೇಳಿ ಹೊರಟರು. ಗುಂಡಿ ಒತ್ತಿ ಪರೀಕ್ಷಿಸಿಯೇ ಹೊರಟರು.

ಅವತ್ತು ನಡೆದದ್ದೆಲ್ಲ ನನಗೆ ಗೊತ್ತಿರುವುದು ಆ ಕ್ಯಾಮೆರಾದಿಂದ. ಮೊದಲು ರಸ್ತೆ, ಚಪ್ಪಲಿ, ಬನ್ನಿನವನ ಗಂಟೆ. ಆಮೇಲೆ "ಈಗ ಶುರು ಮಾಡಣ" ಎಂಬ ಮಾತು, ಕತ್ತಲೆ. ಮತ್ತೆ ಕ್ಯಾಮೆರಾ ಕಣ್ಣು ಬಿಟ್ಟಾಗ ಹಟ್ಟಿಯ ಯಜಮಾನನ ಧ್ವನಿ, ಓಡಿ ಬಂದ ಏದುಸಿರಿನಲ್ಲಿ: "...ನಮ್ ಹಸ ಬೆಳಗಿಂದ ತಿಣುಕ್ತೈತೆ, ಕರ ಸಿಗಾಕ್ಕಂಡೈತೆ, ಬನ್ರೀ ಡಾಕ್ಟ್ರೇ!" ಮಧ್ಯೆ ಏನಾಯಿತೆಂದು ಅವರೇ ಆಮೇಲೆ ಹೇಳಿದರು. ಆತ ಇವರನ್ನು ಕಂಡದ್ದೇ, "ದೇವ್ರು ಬಂದಂಗೆ ಬಂದ್ರಿ" ಎಂದನಂತೆ. ದೇವರ ಹೆಸರು ಬಂತಲ್ಲ, ಇವರು ನಿಯಮದ ಪ್ರಕಾರ "ಕಟ್" ಎಂದು ಗುಂಡಿ ಒತ್ತಿದ್ದಾರೆ. ಕ್ಯಾಮೆರಾ ಶುರುವಾಗಿದೆ.

ಕೊಟ್ಟಿಗೆಗೆ ಹೋಗಿ ಅದನ್ನು ಗೂಟಕ್ಕೆ ತಗುಲಿಹಾಕಿದರು. ಅದು ಅಡ್ಡಡ್ಡ ಜೋತುಬಿತ್ತು. ಚಿತ್ರದಲ್ಲಿ ನೆಲ ಗೋಡೆಯಾಗಿ ನಿಂತಿದೆ, ಹಸುವಿನ ಅರ್ಧ ಬೆನ್ನು ಮೇಲಿಂದ ಕೆಳಕ್ಕೆ ಇಳಿದಿದೆ, ಡಾಕ್ಟ್ರ ಮೊಣಕೈ ಮಾತ್ರ ಬಂದು ಬಂದು ಹೋಗುತ್ತದೆ. ಬನ್ನಿನವನು ಬನ್ನಿನ ಡಬ್ಬ ಕೆಳಗಿಟ್ಟು ಹಸುವಿನ ತಲೆ ಹಿಡಿದುಕೊಂಡಿದ್ದಾನೆ. "ಕೊಬ್ರಿ ಎಣ್ಣೆ ತಾ" ಎಂದರು. ಯಾರೋ ತಂದು ಮೊಣಕೈವರೆಗೆ ಸುರಿದರು. "ಟ್ಚ, ಟ್ಚ, ತಡಿಯವ್ವ. ಮುಂಗಾಲು ಮಡಚ್ಕಂಡೈತೆ." ಬಹಳ ಹೊತ್ತು ಬರೀ ಉಸಿರು, ಹಸುವಿನದೂ ಅವರದೂ. ಆಮೇಲೆ, ಯಾರಿಗೋ ಪಕ್ಕದಲ್ಲಿ ನಿಂತವರಿಗೆ ಹೇಳುವ ಹಾಗೆ, ತಗ್ಗಿದ ಧ್ವನಿಯಲ್ಲಿ ಶುರುವಾಯಿತು.

"ಅಪ್ಪಾ, ದೇವ್ರೇ, ನನ್ ಕೈ ಸಾಲ್ತಿಲ್ಲ. ನಿನ್ ಕೈ ಕೊಡು. ಅವತ್ತು ಕೊಡ್ನಿಲ್ಲ ನೀನು. ಇರ್ಲಿ, ಅದ ಕೇಳಾಕಿಲ್ಲ. ಇವಳ್ನಾರ ಉಳಿಸ್ಕೊಡು. ಇವಳ್ನಾರ."

ಸ್ಟುಡಿಯೊದಲ್ಲಿ ಒಬ್ಬನೇ ಕೂತು ಕೇಳಿದ ನನಗೆ ಅಳು ತಡೆಯಲಾಗಲಿಲ್ಲ. ಎದುರು ಗೋಡೆಯ ಮೇಲೆ ಯಾರದೋ ಆರತಕ್ಷತೆಯ ಫೋಟೊ ನಗುತ್ತಿತ್ತು.

ಮಾರನೆಯ ದಿನ ಬಂದು, ಬೆನ್ನ ಮೇಲೆ ಕೈಯಿಟ್ಟು, "ಬನ್ನಿನವ್ನತ್ರನೂ ಏನೂ ಸಿಗ್ನಿಲ್ಲ ಕಣಪ್ಪ. ಹಸ ಈಯ್ತು, ದಿನ ಅಲ್ಲೇ ಕಳ್ದೋಯ್ತು" ಎಂದರು. ಸಭೆಗೆ ಕೊಡಲು ರಾಜೀನಾಮೆ ಕಾಗದ ಬರೆದು ಜೇಬಿನಲ್ಲಿಟ್ಟುಕೊಂಡಿದ್ದರು. ನಾನು ಕುರ್ಚಿ ಎಳೆದು ಕೂರಿಸಿ ಕೊಟ್ಟಿಗೆಯದನ್ನು ಹಾಕಿ ತೋರಿಸಿದೆ.

ಪೂರ್ತಿ ನೋಡಿದರು. "ಯಾರ ಧ್ವನಿ ಅದು? ಹಟ್ಟಿಯೋನ್ದಾ?"

"ನಿಮ್ದೇ ಡಾಕ್ಟ್ರೇ."

"ಆಫ್ ಆಗಿತ್ತಲ್ಲ ಕ್ಯಾಮೆರಾ!"

ಆಗ ಗುಂಡಿಯ ವಿಷಯ ಹೇಳಲೇಬೇಕಾಯಿತು. ಟೈಲರಣ್ಣನಿಂದ ಹಿಡಿದು ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಪ್ಲಾಸ್ಟರ್ ಸುತ್ತಿದ ಕ್ಯಾಮೆರಾವನ್ನು ತಿರುಗಿಸಿ ತಿರುಗಿಸಿ ನೋಡಿ, ಎದ್ದು ನಿಂತು, "ತಗ್ದಾಕು ಅದ್ನ. ಬಾಯಲ್ಲಿ ದೇವ್ರು ಅಂದವ್ನೆ. ರೂಲ್ಸು ಅಂದ್ರೆ ರೂಲ್ಸು" ಎಂದು ಹೇಳಿ ಹೊರಟೇಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ಆರು ವರ್ಷ ಹುಡುಕಿ, ಸಿಕ್ಕಿದ್ದನ್ನು ಕಸಕ್ಕೆ ಹಾಕು ಅನ್ನುತ್ತಾನಲ್ಲ ಈ ಮನುಷ್ಯ!

ಮರುದಿನ ಬಾಗಿಲು ತೆರೆಯುವಷ್ಟರಲ್ಲಿ ಬೆಂಚಿನ ಮೇಲೆ ಕೂತಿದ್ದರು.

"ತಗ್ದಾಕ್ಬುಟ್ಟಾ?"

"ಹೂಂ, ತೆಗೆದುಹಾಕಿದೆ" ಎಂದೆ ಸಿಟ್ಟಿನಲ್ಲಿ.

"ಒಳ್ಳೇದಾತು" ಎಂದರು. ಏಳಲಿಲ್ಲ. ರಸ್ತೆಯಲ್ಲಿ ಕೊಬ್ಬರಿ ಮೂಟೆ ಹೇರಿದ ಗಾಡಿಗಳು ಒಂದಾದ ಮೇಲೊಂದು ಹೋದವು. ಅವರು ಚಪ್ಪಲಿಯನ್ನೇ ನೋಡುತ್ತ ಕೂತಿದ್ದರು. ನನ್ನ ಕಡೆ ತಿರುಗದೆ ಕೇಳಿದರು, "ಪೂರ್ತಿ ತಗ್ದಾಕ್ಬುಟ್ಟಾ? ಒಂಚೂರೂ ಇಲ್ವಾ?"

ಒಳಗೆ ಕರೆದುಕೊಂಡು ಹೋಗಿ ಹಾಕಿದೆ. ಈ ಸಲ ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ಜೇಬಿನಿಂದ ರಾಜೀನಾಮೆ ಕಾಗದ ತೆಗೆದು, ನಾಲ್ಕಾಗಿ ಹರಿದು, ನನ್ನ ಟೀ ಲೋಟದ ಕೆಳಗಿಟ್ಟು ಹೋದರು.

ಅದಾದ ಮೇಲೆ ಅವರು ಪಿಚ್ಚರ್ ಮಾಡಲಿಲ್ಲ. ಹರಾಜಿನ ದಿನ ಬಂದು, ಅದನ್ನೊಮ್ಮೆ ಹಾಕಿಸಿ ಕೇಳಿ ಹೋಗುತ್ತಿದ್ದರು. "ಈಗ ಬರುತ್ತಾ ಡಾಕ್ಟ್ರೇ?" ಎಂದು ಒಮ್ಮೆ ಕೇಳಿದೆ. "ಕೊಟ್ಗೇಲಿ ನಿಂತ್ರೆ ಬತ್ತೈತೆ. ಮನೇಲಿ ಇನ್ನೂ ಇಲ್ಲ" ಅಂದರು. ಆಮೇಲಾಮೇಲೆ ಬೆಳಗಿನ ಹೊತ್ತು ಯಾರ ಯಾರದೋ ಕೊಟ್ಟಿಗೆಯಲ್ಲಿ ಅವರು ಸುಮ್ಮನೆ ಹಸುವಿನ ಪಕ್ಕ ನಿಂತಿರುವುದನ್ನು ನಾನೇ ಕಂಡಿದ್ದೇನೆ. ಡಾಕ್ಟ್ರು ನೋಡಲು ಬಂದಿದ್ದಾರೆಂದು ಮನೆಯವರು ಕಾಫಿ ಕೊಡುತ್ತಿದ್ದರು.

ಅಂತ್ಯಸಂಸ್ಕಾರವಾದ ಭಾನುವಾರ ಚರ್ಚಿನಲ್ಲಿ ಅವರ ನೆನಪಿಗೆ ಒಂದು ಪಿಚ್ಚರ್ ತೋರಿಸಿ ಎಂದು ಕೇಳಿದರು. ನಾನು ಕೊಟ್ಟಿಗೆಯದನ್ನೇ ಹಾಕಿದೆ. ನಿಯಮ ಮುರಿಯುತ್ತಿದ್ದೇನೆಂದು ಗೊತ್ತಿತ್ತು. ಚಿತ್ರವನ್ನು ನೆಟ್ಟಗೆ ಮಾಡುವುದು ಎರಡು ನಿಮಿಷದ ಕೆಲಸ, ಕೈ ಬರಲಿಲ್ಲ. ಬೆಡ್‌ಶೀಟಿನ ಮೇಲೆ ಕೊಟ್ಟಿಗೆ ಅಡ್ಡಲಾಗಿ ಮೂಡಿದ ತಕ್ಷಣ ಇಡೀ ಸಭೆ, ಪಾಸ್ಟರು, ಟೈಲರಣ್ಣ, ಟೀಚರಮ್ಮ, ನರ್ಸಮ್ಮ, ಹಿಂದೆ ಬಾಗಿಲ ಹತ್ತಿರ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದ ಹಟ್ಟಿಯ ಯಜಮಾನ, ಎಲ್ಲರೂ ಕತ್ತು ಎಡಕ್ಕೆ ವಾಲಿಸಿದರು. "ಇವಳ್ನಾರ" ಎಂಬ ಮಾತು ಬಂದಾಗ ಒಂದು ಕತ್ತೂ ಅಲುಗಲಿಲ್ಲ. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. "ಹೆಣ್ಗರ ಕಣ್ರೀ!" ಎಂದು ಪರದೆಯೊಳಗಿನ ಯಜಮಾನ ಕೂಗಿದ. ಬಾಗಿಲ ಹತ್ತಿರ ನಿಂತಿದ್ದ ಅದೇ ಯಜಮಾನ ಮುಖ ಒರೆಸಿಕೊಂಡ.

ಕೊನೆಗೆ ಆ ಒಂದೇ ಒಂದು ಮುಖ ಬಂತು. ಕೈ ತೊಳೆದುಕೊಂಡು ಡಾಕ್ಟ್ರು ಗೂಟದ ಹತ್ತಿರ ಬಂದು ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದರು. ಕೆನ್ನೆಯ ಮೇಲೆ ಎಣ್ಣೆ, ರಕ್ತ, ಬೆವರು, ಬಾಯ್ತುಂಬ ನಗು. ಬೆಡ್‌ಶೀಟಿನ ಈ ತುದಿಯಿಂದ ಆ ತುದಿಯವರೆಗೆ ಅಡ್ಡಲಾಗಿ ಅವರ ಮುಖವೇ ತುಂಬಿಕೊಂಡಿತು. ಬನ್ನಿನವನ ಕಡೆ ನೋಡಿ, "ಹಾ, ಈಗ ಶುರು ಮಾಡಣ" ಎಂದು ಗುಂಡಿ ಒತ್ತಿದರು. ಬೆಡ್‌ಶೀಟ್ ಕಪ್ಪಾಯಿತು.